ಮೆಚ್ಚಿನ ಸಿನಿಮಾಗಳಲ್ಲೂ ಪಂಕ್ತಿಭೇದವೇ?

ಮೈಸೂರಿನಲ್ಲಿ ನಾಲ್ಕಕ್ಷರ ಓದಿಕೊಂಡವರ ನಡುವೆ ಕುಳಿತು, ‘ನಿಮ್ಮ ಮೆಚ್ಚಿನ ಕನ್ನಡ ಸಿನಿಮಾ ಯಾವುದು?’ ಎಂದು ಕೇಳಿದರೆ ಬರುವ ಉತ್ತರಗಳನ್ನು ಮೊದಲೇ ಊಹಿಸಬಹುದು. ‘ಸಂಸ್ಕಾರ’, ‘ವಂಶವೃಕ್ಷ’, ‘ಘಟಶ್ರಾದ್ಧ’, ‘ತಬರನ ಕಥೆ’. ಒಳ್ಳೆಯ ಸಿನಿಮಾಗಳೇ, ನನ್ನ ಪಟ್ಟಿಯಲ್ಲೂ ಇವೆ. ಆದರೆ ಕಾಫಿ ಬಂದು ಮಾತು ಸಡಿಲವಾದ ಮೇಲೆ ಅದೇ ಜನ ‘ಬಭ್ರುವಾಹನ’ದ ಕಾಳಗವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ‘ನಾ ನಿನ್ನ ಬಿಡಲಾರೆ’ ನೋಡಿ ಬಂದ ರಾತ್ರಿ ದೀಪ ಆರಿಸಲು ಹೆದರಿದ್ದನ್ನು ನೆನೆಯುತ್ತಾರೆ. ‘ಗಣೇಶನ ಮದುವೆ’ಯ ಸಂಭಾಷಣೆಯನ್ನು ಸಾಲು ಬಿಡದೆ ಒಪ್ಪಿಸುತ್ತಾರೆ. ಮೊದಲನೆಯದು ಗೌರವದ ಪಟ್ಟಿ, ಎರಡನೆಯದು ಪ್ರೀತಿಯ ಪಟ್ಟಿ. ಮೊದಲನೆಯದಕ್ಕೆ ಒಳಗಿನ ಪಂಕ್ತಿಯಲ್ಲಿ ಎಲೆ ಹಾಕಿ, ಎರಡನೆಯದನ್ನು ಜಗಲಿಯಲ್ಲಿ ಕೂರಿಸುವ ಈ ಅಭ್ಯಾಸದಿಂದ ನಮ್ಮ ಅಭಿರುಚಿಗೂ ಕನ್ನಡ ಚಿತ್ರರಂಗದ ನೆನಪಿಗೂ ನಷ್ಟವಾಗಿದೆ ಎಂಬುದು ನನ್ನ ವಾದ.

ಈ ಗೋಡೆಯನ್ನು ಕಟ್ಟಿದವರು ಸಿನಿಮಾ ಮಾಡಿದವರಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಮೈಸೂರಿನಿಂದ ದೂರ ಹೋಗಬೇಕಿಲ್ಲ, ನಂಜನಗೂಡಿನವರೆಗೆ ಹೋದರೆ ಸಾಕು. ಜಿ.ವಿ. ಅಯ್ಯರ್ ಹುಟ್ಟಿದ್ದು ಅಲ್ಲಿ, 1917ರಲ್ಲಿ. ಗುಬ್ಬಿ ಕಂಪನಿಯಲ್ಲಿ ಬೆಳೆದ ಅವರು 1954ರ ‘ಬೇಡರ ಕಣ್ಣಪ್ಪ’ನ ಬರವಣಿಗೆಯಲ್ಲೂ ಇದ್ದರು, ತೆರೆಯ ಮೇಲೂ ಇದ್ದರು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಆ ಭಕ್ತಿಪ್ರಧಾನ ಚಿತ್ರದಿಂದಲೇ ರಾಜ್‌ಕುಮಾರ್ ನಾಯಕರಾಗಿ ಬಂದದ್ದು. 1960ರಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಅವರ ಜತೆ ಸೇರಿ ಅಯ್ಯರ್ ‘ರಣಧೀರ ಕಂಠೀರವ’ ಮಾಡಿದರು. ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಥೆಯದು; ಕತ್ತಿವರಸೆ, ಮಲ್ಲಯುದ್ಧ, ಸಂಚು, ಸಾಹಸ ಎಲ್ಲ ತುಂಬಿದ ಐತಿಹಾಸಿಕ. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಅಯ್ಯರ್ ‘ವಂಶವೃಕ್ಷ’ಕ್ಕೆ ನಿರ್ಮಾಪಕರಾದರು. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರಿಗೆ ರಾಷ್ಟ್ರಮಟ್ಟದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ತಂದ ಚಿತ್ರ. 1975ರಲ್ಲಿ ತಾವೇ ‘ಹಂಸಗೀತೆ’ ನಿರ್ದೇಶಿಸಿದರು. 1983ರಲ್ಲಿ ಸಂಸ್ಕೃತದಲ್ಲಿ ‘ಆದಿ ಶಂಕರಾಚಾರ್ಯ’ ಮಾಡಿ ಸ್ವರ್ಣಕಮಲ ಪಡೆದರು.

ವಿಮರ್ಶಕರು ಇದನ್ನು ‘ವ್ಯಾಪಾರಿ ಚಿತ್ರರಂಗದಿಂದ ಕಲೆಯ ಕಡೆಗೆ ನಡೆದ ಪಯಣ’ ಎಂದು ಬರೆಯುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ‘ಹಂಸಗೀತೆ’ಯನ್ನು ಗಮನವಿಟ್ಟು ನೋಡಿ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ಅರಸನ ಅಪ್ಪಣೆಗೆ ಹಾಡುವುದಕ್ಕಿಂತ ನಾಲಿಗೆ ಕತ್ತರಿಸಿಕೊಳ್ಳುವುದೇ ಮೇಲೆಂದು ತೀರ್ಮಾನಿಸುವ ಆ ಕಥೆಗೂ, ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡನ ಕಥೆಗೂ ಒಳಗೊಳಗೆ ನಂಟಿದೆ. ತಾನು ನಂಬಿದ್ದಕ್ಕೆ ದೇಹದ ಒಂದು ಅಂಗವನ್ನೇ ಒಪ್ಪಿಸುವ ಮನುಷ್ಯ ಅಯ್ಯರ್ ಅವರನ್ನು ಕಾಡುತ್ತಲೇ ಇದ್ದ. ಕಂಪನಿ ನಾಟಕದ ಅನುಭವ ಒಂದು ಕಡೆ ಬೇಡನಾಯಿತು, ಇನ್ನೊಂದು ಕಡೆ ಸಂಗೀತಗಾರನಾಯಿತು. ಕಾರಂತರದ್ದೂ ಇದೇ ಬೇರು. ಅವರೂ ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು, ರಾಜ್‌ಕುಮಾರರೂ ಅಲ್ಲಿಂದ ಬಂದವರು. ಮುಂದೆ ಮೈಸೂರಿನ ರಂಗಾಯಣ ಕಟ್ಟಿದ ಕಾರಂತರು ‘ಘಟಶ್ರಾದ್ಧ’ಕ್ಕೆ ಸಂಗೀತ ಕೊಟ್ಟದ್ದನ್ನು ನೆನೆಯುವಾಗ ಆ ಕಂಪನಿಯ ಹಾರ್ಮೋನಿಯಂ ಅನ್ನು ಮರೆಯಬಾರದು.

‘ವಂಶವೃಕ್ಷ’ ನನಗೆ ಯಾಕೆ ಇಷ್ಟ ಎಂಬುದನ್ನು ಹೇಳಿಬಿಡುತ್ತೇನೆ. ಎಸ್.ಎಲ್. ಭೈರಪ್ಪನವರ ಕಥೆ ನಮ್ಮ ಊರುಗಳದ್ದು: ನಂಜನಗೂಡಿನ ಶ್ರೋತ್ರಿಗಳ ಮನೆ, ಕಪಿಲಾ ನದಿ, ಮೈಸೂರಿನ ಕಾಲೇಜು. ಗಂಡನನ್ನು ಕಳೆದುಕೊಂಡ ಕಾತ್ಯಾಯನಿಗೆ ಈ ಎರಡು ಊರುಗಳ ನಡುವಿನ ದಾರಿ ಎರಡು ಕಾಲಗಳ ನಡುವಿನ ದಾರಿಯೂ ಹೌದು. ಒಂದು ತುದಿಯಲ್ಲಿ ಮಾವನ ಮೌನ, ಮತ್ತೊಂದು ತುದಿಯಲ್ಲಿ ಹೊಸ ಪ್ರೀತಿ. ಕಾರ್ನಾಡ–ಕಾರಂತರು ಇಲ್ಲಿ ದನಿ ಏರಿಸುವುದಿಲ್ಲ. ವೆಂಕಟರಾವ್ ತಲಗೇರಿಯವರ ಶ್ರೋತ್ರಿಗಳು ಕೋಪಗೊಂಡು ಕೂಗಿದ್ದರೆ ಸೊಸೆಗೆ ಎದುರು ಮಾತಾಡುವುದು ಸುಲಭವಾಗುತ್ತಿತ್ತು. ಅವರು ಕೂಗುವುದಿಲ್ಲ, ಅದೇ ಅವಳ ಕಷ್ಟ. ತಾನು ಯಾವ ವಂಶದ ಹೆಸರಿನಲ್ಲಿ ಇಷ್ಟು ಬದುಕಿದೆನೋ ಆ ವಂಶಕ್ಕೆ ತಾನು ಸೇರಿದವನೇ ಅಲ್ಲ ಎಂದು ಆ ವೃದ್ಧರಿಗೆ ತಿಳಿಯುವ ಕ್ಷಣದ ಭಾರವೂ ಸಂಯಮದಿಂದಲೇ ಬಂದದ್ದು. ಈ ಬಗೆಯ ಸಿನಿಮಾ ಮಾಡುವ ಕೆಲಸ ಇದು: ಒಂದು ಮುಖದ ಎದುರು ನಮ್ಮನ್ನು ಬೇಕಾದಷ್ಟು ಹೊತ್ತು ಕೂರಿಸಿ, ತೀರ್ಪು ಕೊಡುವ ಆತುರವನ್ನು ಕಳೆಯುವುದು.

ಈಗ ಇದೇ ಗಜಕಡ್ಡಿ ಹಿಡಿದು ‘ಶರಪಂಜರ’ವನ್ನು ಅಳೆಯಲು ಹೋದರೆ ಏನಾಗುತ್ತದೆ? ‘ಅತಿಯಾಯಿತು’ ಎನ್ನುತ್ತೇವೆ. ಪುಟ್ಟಣ್ಣ ಕಣಗಾಲ್ ಎಂದರೆ ಅತಿ ಎಂಬ ಮಾತು ವಿಚಾರವಂತರ ವಲಯದಲ್ಲಿ ಎಷ್ಟು ಸಲ ಕೇಳಿದ್ದೇನೋ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಬಂದ ಈ ನಿರ್ದೇಶಕ, ಮೈಸೂರಿನಲ್ಲಿ ಓದಿ ಬಾಳಿದ ತ್ರಿವೇಣಿಯವರ ಕಾದಂಬರಿಗಳ ಕಡೆ ಮತ್ತೆ ಮತ್ತೆ ಬಂದರು. 1967ರ ‘ಬೆಳ್ಳಿ ಮೋಡ’ ತ್ರಿವೇಣಿಯವರದೇ, 1971ರ ‘ಶರಪಂಜರ’ವೂ ಅವರದೇ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಈ ಎರಡರಲ್ಲಿ ಒಂದನ್ನೂ ಅವರು ನೋಡಲಿಲ್ಲ.

‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಾಳೆ, ಆಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಾಳೆ. ಸಿನಿಮಾದ ನಿಜವಾದ ಕಥೆ ಶುರುವಾಗುವುದು ಅವಳು ಗುಣವಾದ ಮೇಲೆ. ಅವಳು ನಕ್ಕರೆ ಸುತ್ತಲಿನವರು ಬೆಚ್ಚುತ್ತಾರೆ. ಅವಳು ಸಿಟ್ಟಾದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾವ ಹೆಂಗಸಿಗೂ ಇರುವ ಸಣ್ಣಪುಟ್ಟ ಅಸಮಾಧಾನ ಅವಳಲ್ಲಿ ಮಾತ್ರ ರೋಗಲಕ್ಷಣವಾಗಿಬಿಡುತ್ತದೆ. ಗಂಡ ಇನ್ನೊಬ್ಬಳ ಕಡೆ ವಾಲಿದ್ದಾನೆಂಬ ಸತ್ಯವನ್ನು ಅವಳು ಆಡಿದಾಗಲೂ ಅದು ಹುಚ್ಚಿನ ಮಾತೇ. ಕಲ್ಪನಾ ಇಲ್ಲಿ ದನಿಯನ್ನು ಏರಿಸುತ್ತಾರೆ, ಕಣ್ಣನ್ನು ಅಗಲಿಸುತ್ತಾರೆ, ದೇಹವನ್ನೆಲ್ಲ ನಡುಗಿಸುತ್ತಾರೆ. ಅದನ್ನು ‘ಅತಿ’ ಎನ್ನುವವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಮೆಲುದನಿಯಲ್ಲಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳದ ಮನೆಯಲ್ಲಿ ಹೆಂಗಸು ಇನ್ನು ಹೇಗೆ ಮಾತಾಡಬೇಕು? ಸಂಯಮದ ಶೈಲಿಯಲ್ಲಿ ತೆಗೆದಿದ್ದರೆ ಈ ಸಿನಿಮಾ ಆ ಮನೆಯವರ ಪಕ್ಷ ವಹಿಸಿದಂತೆ ಆಗುತ್ತಿತ್ತು. ಪುಟ್ಟಣ್ಣನವರ ಅತಿಯೇ ಇಲ್ಲಿ ವಾದ. ನನ್ನ ಮಟ್ಟಿಗೆ ‘ವಂಶವೃಕ್ಷ’ವೂ ‘ಶರಪಂಜರ’ವೂ ಒಂದೇ ಎತ್ತರದವು, ಒಂದೇ ವರ್ಷ ಆಚೀಚೆ ಬಂದವು, ಹೆಣ್ಣನ್ನು ಮನೆಯೆಂಬುದು ಹೇಗೆ ನಡೆಸಿಕೊಳ್ಳುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಎರಡು ದನಿಗಳಲ್ಲಿ ಕೇಳಿದಂಥವು.

ಪೌರಾಣಿಕಕ್ಕೆ ಬಂದರೆ, ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ನನ್ನ ಆಯ್ಕೆ. ಇದನ್ನು ಹೇಳುವಾಗ ಕೆಲವರು ಮುಗುಳ್ನಗುತ್ತಾರೆ. ನಗುವುದಕ್ಕೆ ಕಾರಣವಿಲ್ಲ. ಮಗ ಅಪ್ಪನನ್ನು ಗೌರವಿಸಲು ಬರುತ್ತಾನೆ, ಅಪ್ಪ ಅವನ ಹುಟ್ಟನ್ನೇ ಹೀಗಳೆಯುತ್ತಾನೆ, ತಾಯಿಯ ಮಾನಕ್ಕಾಗಿ ಮಗ ಬಿಲ್ಲು ಹಿಡಿಯುತ್ತಾನೆ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಹಂಗಿಸಿಕೊಳ್ಳುವ ಆ ಪ್ರಸಂಗವನ್ನು ಕಣ್ಣು ಮುಚ್ಚಿ ಕೇಳಿ. ಹಾಡಿರುವವರು ಪಿ.ಬಿ. ಶ್ರೀನಿವಾಸ್ ಮತ್ತು ಸ್ವತಃ ರಾಜ್‌ಕುಮಾರ್. ಶ್ರೀನಿವಾಸ್ ವರ್ಷಗಟ್ಟಲೆ ರಾಜ್‌ಕುಮಾರರ ಹಾಡುವ ದನಿಯಾಗಿದ್ದವರು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಾವೇ ಹಾಡತೊಡಗಿದರು. ಎಂದರೆ ಕನ್ನಡಿಗರ ಕಿವಿಗೆ ಎರಡೂ ದನಿ ರಾಜ್‌ಕುಮಾರರದೇ. ಒಂದೇ ಮುಖದ ಇಬ್ಬರು, ಒಬ್ಬನೇ ನಟನಿಗೆ ಸೇರಿದ ಎರಡು ದನಿಗಳು, ರಕ್ತವೊಂದೇ ಎಂದು ಒಪ್ಪಲೊಲ್ಲದ ಅಪ್ಪ–ಮಗ. ದ್ವಿಪಾತ್ರವೆಂಬ ಹಳೆಯ ತಂತ್ರ ಇಲ್ಲಿ ಕಥೆಯ ಅರ್ಥವನ್ನೇ ಹೊತ್ತು ನಿಂತಿದೆ. ಜನ್ನನನ್ನೂ ಕುಮಾರವ್ಯಾಸನನ್ನೂ ತರಗತಿಯಲ್ಲಿ ಕಲಿಸುವ ನಾವು, ಅದೇ ಮಾತಿನ ಓಜಸ್ಸು ತೆರೆಯ ಮೇಲೆ ಬಂದಾಗ ‘ಜನಪ್ರಿಯ’ ಎಂದು ಬದಿಗಿಡುವುದು ನ್ಯಾಯವಲ್ಲ.

ಇನ್ನು ದೆವ್ವದ ಸಿನಿಮಾ. ಗೌರವದ ಪಟ್ಟಿಯಲ್ಲಿ ಇದಕ್ಕೆ ಜಗಲಿಯೂ ಸಿಗುವುದಿಲ್ಲ, ಬೀದಿಯೇ ಗತಿ. ‘ನಾ ನಿನ್ನ ಬಿಡಲಾರೆ’ (1979) ನನಗೆ ಮುಖ್ಯವಾಗುವುದು ಅನಂತನಾಗ್ ಅವರಿಂದ. ಪ್ರೀತಿ ಸಿಗದೆ ಸತ್ತ ಹೆಣ್ಣಿನ ಆತ್ಮ ಗಂಡಸಿನ ಮೈಮೇಲೆ ಬರುತ್ತದೆ. ಬಣ್ಣ ಬಳಿದು, ಕೋರೆಹಲ್ಲು ಅಂಟಿಸಿ ಹೆದರಿಸಬಹುದಿತ್ತು. ಅನಂತನಾಗ್ ನೋಟದಿಂದ, ಕತ್ತಿನ ಒಂದು ಓರೆಯಿಂದ, ನಡಿಗೆಯ ಬದಲಾವಣೆಯಿಂದ ಆ ಕೆಲಸ ಮಾಡುತ್ತಾರೆ. ನಾಲ್ಕು ವರ್ಷದ ಹಿಂದೆ ಇದೇ ನಟ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯ ಆಗಿದ್ದವರು. ಹನ್ನೊಂದು ವರ್ಷದ ಮೇಲೆ ‘ಗಣೇಶನ ಮದುವೆ’ಯಲ್ಲಿ ವಠಾರದ ಜಗಳಗಂಟ ಬಾಡಿಗೆದಾರನಾದರು. ಯಾವುದನ್ನೂ ಕೆಳಗಿನ ಕೆಲಸವೆಂದು ಅವರು ಮಾಡಿದಂತೆ ತೆರೆಯ ಮೇಲೆ ಕಾಣುವುದಿಲ್ಲ.

ಈ ದೆವ್ವಕ್ಕೂ ಆ ವಠಾರಕ್ಕೂ ಸಂಗೀತ ಕೊಟ್ಟದ್ದು ಒಂದೇ ಜೋಡಿ, ನಮ್ಮ ಶಿವರಾಂಪೇಟೆಯ ರಾಜನ್–ನಾಗೇಂದ್ರ ಸಹೋದರರು. ಅವರ ತಂದೆ ರಾಜಪ್ಪ ಮೂಕಿಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದ ಕಲಾವಿದರು. ತೆರೆಯ ಮೇಲೆ ಏನು ಬಂದರೂ ಅದಕ್ಕೆ ತಕ್ಕ ರಾಗ ಹುಡುಕಬೇಕಾದ ಕೆಲಸ ಅದು: ಈಗ ಯುದ್ಧ, ಮುಂದಿನ ನಿಮಿಷ ಸರಸ, ಆಮೇಲೆ ಸಾವು. ಮಕ್ಕಳು 1950ರ ದಶಕದಿಂದ ಮಾಡಿದ್ದೂ ಅದನ್ನೇ. 1973ರ ‘ಗಂಧದ ಗುಡಿ’ಯ ಸಂಗೀತವೂ ಅವರದು. ಅದರ ನಿರ್ಮಾಪಕ, ಕುಸ್ತಿಯ ಅಖಾಡದಿಂದ ಸಿನಿಮಾಕ್ಕೆ ಬಂದ ಮೈಸೂರಿನ ಎಂ.ಪಿ. ಶಂಕರ್. ಕಾಡು ಉಳಿಸಬೇಕೆಂಬ ಮಾತನ್ನು ಭಾಷಣವಾಗಿ ಹೇಳದೆ ಸಾಹಸದ ಕಥೆಯಾಗಿ ಹೇಳಿದ್ದರಿಂದಲೇ ಅದು ನಾಡಿನ ಮೂಲೆಮೂಲೆಗೆ ತಲುಪಿತು. ಅದರ ಕೊರತೆಯನ್ನೂ ಹೇಳಬೇಕು: ಕಾಡನ್ನು ಅಧಿಕಾರಿಯ ಕಣ್ಣಿನಿಂದ ನೋಡುವಷ್ಟು ಅದು ಕಾಡಿನೊಳಗೆ ಬಾಳುವವರ ಕಣ್ಣಿನಿಂದ ನೋಡುವುದಿಲ್ಲ. ಹೆಗ್ಗಡದೇವನಕೋಟೆಯ ಹಾಡಿಗಳ ಇಂದಿನ ಪಾಡು ಬಲ್ಲವರಿಗೆ ಇದು ಸಣ್ಣ ಕೊರತೆಯಲ್ಲ.

ರೋಚಕ ಚಿತ್ರಗಳಲ್ಲಿ ಸುನೀಲ್‌ಕುಮಾರ್ ದೇಸಾಯಿ ಅವರ ‘ನಿಷ್ಕರ್ಷ’ ಸಾಕು, ಹೆಚ್ಚು ಮಾತು ಬೇಡ. ಬ್ಯಾಂಕಿಗೆ ನುಗ್ಗಿದ ದರೋಡೆಕೋರರು, ಒತ್ತೆಯಾಳುಗಳು, ಒಂದು ಎತ್ತರದ ಕಟ್ಟಡ, ಮೈಸೂರಿನ ವಿಷ್ಣುವರ್ಧನ್. ಹಾಡಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ದೊಡ್ಡ ನಟನ ಚಿತ್ರದಿಂದ ಹಾಡು ತೆಗೆದುಹಾಕಲು ಬೇಕಾದ ಧೈರ್ಯ ಹೊಸ ಅಲೆಯ ಯಾವ ಪ್ರಯೋಗಕ್ಕೂ ಕಡಿಮೆಯದಲ್ಲ.

‘ಬ್ಯಾಂಕರ್ ಮಾರ್ಗಯ್ಯ’ (1983) ಯಾವ ಸಾಲಿಗೆ ಸೇರುತ್ತದೆ ಎಂದು ನನಗೆ ಇಂದಿಗೂ ತೀರ್ಮಾನಿಸಲು ಆಗಿಲ್ಲ, ಆ ಕಾರಣಕ್ಕೇ ಅದರ ಮೇಲೆ ಹೆಚ್ಚು ಪ್ರೀತಿ. ಯಾದವಗಿರಿಯ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯನ್ನು ನಾಗಾಭರಣ ಕನ್ನಡಕ್ಕೆ ತಂದರು. ಸಹಕಾರಿ ಬ್ಯಾಂಕಿನ ಎದುರಿನ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು, ಹಳ್ಳಿಗರಿಗೆ ಅದೇ ಬ್ಯಾಂಕಿನಿಂದ ಸಾಲ ತೆಗೆಯುವ ಉಪಾಯ ಹೇಳಿಕೊಡುವ ಮಾರ್ಗಯ್ಯ. ಲೋಕೇಶ್ ಆ ಪಾತ್ರದಲ್ಲಿ ನಮ್ಮನ್ನು ನಗಿಸುತ್ತಲೇ ಇರುತ್ತಾರೆ. ನಗುತ್ತಾ ನಗುತ್ತಾ, ದುಡ್ಡಿನ ಆಸೆ ಒಂದು ಮನೆಯನ್ನು ಹೇಗೆ ಒಳಗಿನಿಂದ ತಿನ್ನುತ್ತದೆ ಎಂಬುದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಹಾಸ್ಯವೆಂದರೆ ಹಾಸ್ಯ, ಸಾಮಾಜಿಕವೆಂದರೆ ಸಾಮಾಜಿಕ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬಂದೇ ಬರುತ್ತದೆ. ‘ಎಲ್ಲವೂ ಸಮವಾದರೆ ವಿಮರ್ಶೆ ಯಾಕೆ? ಯಾರಿಗೆ ಯಾವುದು ಇಷ್ಟವೋ ಅದೇ ಶ್ರೇಷ್ಠ ಎಂದಂತಾಯಿತಲ್ಲ?’ ಇಲ್ಲ. ಬಗೆಗಳು ಸಮ ಎಂದೆನೇ ಹೊರತು ಸಿನಿಮಾಗಳು ಸಮ ಎನ್ನಲಿಲ್ಲ. ಪ್ರತಿ ಬಗೆಯೂ ನೋಡುಗನಿಗೆ ಒಂದು ಮಾತು ಕೊಟ್ಟಿರುತ್ತದೆ. ಹೆದರಿಸುತ್ತೇನೆ ಎಂದದ್ದು ಹೆದರಿಸಬೇಕು, ನಗಿಸುತ್ತೇನೆ ಎಂದದ್ದು ನಗಿಸಬೇಕು, ಯೋಚನೆಗೆ ಹಚ್ಚುತ್ತೇನೆ ಎಂದದ್ದು ಯೋಚನೆಗೆ ಹಚ್ಚಬೇಕು. ಆ ಮಾತು ಉಳಿಸಿಕೊಂಡಿತೇ, ಉಳಿಸಿಕೊಳ್ಳುತ್ತಾ ಅದನ್ನು ಮೀರಿ ಏನಾದರೂ ಕೊಟ್ಟಿತೇ ಎಂದು ಕೇಳುವುದು ಇನ್ನೂ ಕಠಿಣವಾದ ಪರೀಕ್ಷೆ. ಈ ಪರೀಕ್ಷೆಯಲ್ಲಿ ನೂರಾರು ಹೊಡೆದಾಟದ ಚಿತ್ರಗಳು ಬೀಳುತ್ತವೆ. ಜತೆಗೆ, ನಿಧಾನವಾಗಿ ಚಲಿಸಿದರೆ ಸಾಕು ಗಂಭೀರವಾಯಿತು ಎಂದು ನಂಬಿ, ಪ್ರಶಸ್ತಿ ಸಮಿತಿಯನ್ನು ಮಾತ್ರ ಎದುರಿಗಿಟ್ಟುಕೊಂಡು ತೆಗೆದ ಚಿತ್ರಗಳೂ ಬೀಳುತ್ತವೆ. ಹಳೆಯ ಪಂಕ್ತಿಭೇದ ಈ ಎರಡನೆಯವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದಿದೆ.

ಹೊರಗಿನ ಲೋಕ ಈ ಪಾಠವನ್ನು ಎಂದೋ ಕಲಿತಿದೆ. 1950ರ ದಶಕದಲ್ಲಿ ಪ್ಯಾರಿಸ್ಸಿನ ತರುಣ ವಿಮರ್ಶಕರು ಹಿಚ್‌ಕಾಕ್, ಹೊವಾರ್ಡ್ ಹಾಕ್ಸ್ ಅವರಂಥ ಜನಪ್ರಿಯ ನಿರ್ದೇಶಕರನ್ನು ಕಲಾವಿದರೆಂದು ವಾದಿಸಿ ಗೆದ್ದರು. ‘ಪಥೇರ್ ಪಾಂಚಾಲಿ’ ಮಾಡಿದ ಸತ್ಯಜಿತ್ ರಾಯ್ ಭೂತಗಳು ಕುಣಿಯುವ ‘ಗೂಪಿ ಗಾಯಿನ್ ಬಾಘಾ ಬಾಯಿನ್’ ಮಾಡಿದರು, ಪತ್ತೇದಾರಿ ‘ಸೋನಾರ್ ಕೆಲ್ಲಾ’ ಮಾಡಿದರು. ಬಂಗಾಳಿಗಳು ಮೂರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತಾರೆ. ನಾವು ಮಾತ್ರ ಇಂದಿಗೂ ತಡವರಿಸುತ್ತೇವೆ.

ತಡವರಿಸಿದರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಎರಡು ಕಡೆ ಇದೆ. ಒಂದು, ನೋಡುವ ಅಭ್ಯಾಸದಲ್ಲಿ. ಶಾಂತಲ, ಸರಸ್ವತಿಯಂಥ ಚಿತ್ರಮಂದಿರಗಳಿದ್ದ ಕಾಲದಲ್ಲಿ ಆ ವಾರ ಏನು ಬಂತೋ ಅದನ್ನು ಊರು ನೋಡುತ್ತಿತ್ತು. ಒಂದೇ ಕುರ್ಚಿಯಲ್ಲಿ ಈ ವಾರ ಪೌರಾಣಿಕ, ಮುಂದಿನ ವಾರ ಪತ್ತೇದಾರಿ. ಅಭಿರುಚಿ ತಾನಾಗಿಯೇ ಬೆರೆಯುತ್ತಿತ್ತು. ಕೊರೊನಾ ಬಂದ ಮೇಲೆ ಆ ಎರಡೂ ಬಾಗಿಲು ಹಾಕಿದವು. ಈಗ ಮೊಬೈಲಿನಲ್ಲಿ ನೋಡುವವನಿಗೆ, ಒಮ್ಮೆ ಕೊಲೆಯ ಕಥೆ ನೋಡಿದರೆ ಮತ್ತೆ ಕೊಲೆಯ ಕಥೆಗಳನ್ನೇ ಬಡಿಸಲಾಗುತ್ತದೆ. ಹಿಂದೆ ವಿಮರ್ಶಕ ಹಾಕುತ್ತಿದ್ದ ಪಂಕ್ತಿಯನ್ನು ಇಂದು ಯಂತ್ರ ಹಾಕುತ್ತಿದೆ.

ಎರಡನೆಯ ನಷ್ಟ ಇನ್ನೂ ದೊಡ್ಡದು, ಅದು ಸಂರಕ್ಷಣೆಯದು. ಯಾವುದಕ್ಕೆ ಗೌರವವೋ ಅದು ಉಳಿಯುತ್ತದೆ. ‘ಘಟಶ್ರಾದ್ಧ’ದ ಪ್ರತಿಯನ್ನು ಜತನದಿಂದ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು, ಪ್ರತಿ ಕನ್ನಡಿಗನೂ ಸಂತೋಷಪಡಬೇಕಾದ ಸಂಗತಿ. ಆದರೆ ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನ ಡಿ. ಶಂಕರ್‌ಸಿಂಗ್ 1951ರಲ್ಲಿ ಮಾಡಿದ ಮಾಯಾಮಂತ್ರದ ‘ಜಗನ್ಮೋಹಿನಿ’ಗೆ ಅಂಥ ಆರೈಕೆ ಬೇಡವೇ? ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ನಮ್ಮ ಬಳಿ ಇಲ್ಲ. ಪ್ರತಿಗಳಷ್ಟೇ ಅಲ್ಲ, ಸಿನಿಮಾ ಹುಟ್ಟಿದ ಜಾಗಗಳೂ ಕೈತಪ್ಪಿವೆ: ಮೈಸೂರಿನ ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಜೀವ ಕಳೆದುಕೊಂಡರು. ಎಲ್ಲ ಬಗೆಯ ಚಿತ್ರಗಳೂ ತಯಾರಾಗುತ್ತಿದ್ದ ಆ ಜಾಗಕ್ಕೆ ಹಳೆಯ ಕಳೆ ಮತ್ತೆ ಬರಲಿಲ್ಲ.

2025–26ರ ರಾಜ್ಯ ಬಜೆಟ್ಟಿನಲ್ಲಿ ಮೈಸೂರಿನಲ್ಲಿ 150 ಎಕರೆಯಲ್ಲಿ, 500 ಕೋಟಿ ರೂಪಾಯಿ ವೆಚ್ಚದ ಚಿತ್ರನಗರಿಯನ್ನು ಘೋಷಿಸಲಾಗಿದೆ. ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಬದುಕನ್ನು ಬಿಂಬಿಸುವ ಕನ್ನಡ ಚಿತ್ರಗಳ ಭಂಡಾರಕ್ಕೆಂದು ಅದೇ ಬಜೆಟ್ಟಿನಲ್ಲಿ 3 ಕೋಟಿ ಇಟ್ಟಿದ್ದಾರೆ. ಆ ಭಂಡಾರಕ್ಕೆ ಸಿನಿಮಾಗಳನ್ನು ಆರಿಸಲು ಕೂರುವವರಲ್ಲಿ ನನ್ನದೊಂದು ವಿನಂತಿ. ದೆವ್ವದ ಸಿನಿಮಾ, ಮಾಯಾಜಾಲದ ಸಿನಿಮಾ, ವಠಾರದ ಹಾಸ್ಯ, ಹಾಡಿಲ್ಲದ ದರೋಡೆಯ ಕಥೆ, ಇವೂ ಈ ನಾಡಿನ ಸಾಂಸ್ಕೃತಿಕ ಬದುಕೇ, ಇವುಗಳನ್ನು ಹೊರಗಿಡಬೇಡಿ. ಭಂಡಾರದ ಒಂದು ಭಾಗ ಮೈಸೂರಿನ ಚಿತ್ರನಗರಿಯಲ್ಲೇ ಇರಲಿ, ಅದರ ಜತೆಗೊಂದು ಸಣ್ಣ ಪ್ರದರ್ಶನ ಮಂದಿರವೂ ಇರಲಿ. ಅಲ್ಲಿ ಒಂದು ಸಂಜೆ ‘ವಂಶವೃಕ್ಷ’ ತೋರಿಸಿ, ಮರುದಿನ ‘ಬಭ್ರುವಾಹನ’ ತೋರಿಸಿ. ಓದುಗರೇ, ನಿಮ್ಮ ಮನೆಯಲ್ಲಿ ಹಳೆಯ ರೀಲು, ಭಿತ್ತಿಪತ್ರ, ಹಾಡಿನ ಪುಸ್ತಕ, ಸ್ಥಿರಚಿತ್ರ ಏನಿದ್ದರೂ ಗುಜರಿಗೆ ಹಾಕುವ ಮುನ್ನ ಕಾಯ್ದಿಡಿ. ಯಾವ ಬಗೆಯ ಸಿನಿಮಾದ್ದಾದರೂ ಸರಿ.